ಗಿರಾಕಿಗೆ ‘ಆಗುವುದಿಲ್ಲ’ ಎನ್ನಲು ಕಲಿಯೋಣ

ಅದು ಈದುಲ್ ಫಿತ್ರ್‌ನ ಬೆಳಗು. ನ್ಯಾಮತಿಯ ನಮ್ಮ ಮನೆಯ ಕಟ್ಟೆಯ ಮೇಲೆ ನನ್ನದೇ ವಯಸ್ಸಿನ ಹುಡುಗಿಯೊಬ್ಬಳು ಹಳೆಯ ಲಂಗ ತೊಟ್ಟು ಕುಳಿತಿದ್ದಳು. ಒಳಗೆ ನನ್ನ ಅಮ್ಮಿ ಫಜ್ರ್ ನಮಾಝ್ ಮುಗಿಸಿದವರೇ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು. ಆ ಹುಡುಗಿಯ ಫ್ರಾಕಿನ ಬಟ್ಟೆಯನ್ನು ಕತ್ತರಿಸಿ ಆಗಿತ್ತು, ಜೋಡಿಸಿ ಆಗಿರಲಿಲ್ಲ. ಓಣಿಯ ಮಕ್ಕಳೆಲ್ಲ ಹೊಸ ಬಟ್ಟೆ ತೊಟ್ಟು, ಅಪ್ಪಂದಿರ ಕೈ ಹಿಡಿದು ಈದ್‌ಗಾಹ್‌ಗೆ ಹೊರಟರು. ತಕ್ಬೀರ್‌ನ ಧ್ವನಿ ಕೇಳಿಬರುತ್ತಿತ್ತು. ಹುಡುಗಿ ಅಳಲಿಲ್ಲ, ಜಗಳ ಮಾಡಲಿಲ್ಲ. ಆಗಾಗ ಬಾಗಿಲಿನತ್ತ ತಿರುಗಿ ನೋಡುತ್ತಿದ್ದಳು, ಅಷ್ಟೇ. ನನ್ನ ಫ್ರಾಕ್ ಮಾತ್ರ ಮೂರು ದಿನ ಮೊದಲೇ ಸಿದ್ಧವಾಗಿತ್ತು.

ಫ್ರಾಕ್ ಅವಳ ಕೈಸೇರಿದಾಗ ಈದ್ ನಮಾಝ್ ಮುಗಿದು ಜನರು ಮನೆಗೆ ಮರಳುತ್ತಿದ್ದರು. ಅವಳ ತಾಯಿ ಹೊಲಿಗೆಯ ಹಣ ಕೊಡಲು ಬಂದಾಗ ಅಮ್ಮಿ ತೆಗೆದುಕೊಳ್ಳಲಿಲ್ಲ. ಆಕೆ ಹೋದ ಮೇಲೆ ತಮ್ಮಷ್ಟಕ್ಕೇ ಹೇಳಿಕೊಂಡರು: “ಅವತ್ತೇ ಆಗಲ್ಲ ಅಂದಿದ್ದರೆ ಬೇರೆ ಯಾರ ಹತ್ತಿರವಾದರೂ ಹೊಲಿಸಿಕೊಳ್ಳುತ್ತಿದ್ದಳಲ್ಲ!”

ರಮಝಾನ್‌ನ 25ನೇ ದಿನ ಆ ತಾಯಿ ಬಟ್ಟೆ ತಂದಾಗ ಅಮ್ಮಿಯ ಮುಂದೆ ಆಗಲೇ ಬಟ್ಟೆಗಳ ರಾಶಿ ಇತ್ತು. ಈ ಬಟ್ಟೆ ಮುಗಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ ಕೂಲಿ ಮಾಡುವ ಬಡ ಹೆಂಗಸು, ಪಕ್ಕದ ಓಣಿಯವಳು, ಬೇಡ ಎಂದರೆ ನೊಂದುಕೊಂಡಾಳು ಎಂಬ ದಾಕ್ಷಿಣ್ಯ ಅಡ್ಡ ಬಂತು. “ಇಟ್ಟು ಹೋಗು, ನೋಡೋಣ” ಎಂದುಬಿಟ್ಟಿದ್ದರು. ತಾಯಿಯನ್ನು ನೋಯಿಸಬಾರದೆಂದು ಆಡಿದ ಒಂದು ಮಾತು, ಹಬ್ಬದ ದಿನ ಮಗಳನ್ನು ನೋಯಿಸಿತು.

ಸಹೋದರಿಯರೇ, ಮೂವತ್ತು ವರ್ಷಗಳಿಗೂ ಹಿಂದಿನ ಈ ಘಟನೆ ನಾನು ಪಾಠ ಹೇಳುವ ಹೆಣ್ಣುಮಕ್ಕಳ ಮನೆಗಳಲ್ಲಿ ಇಂದೂ ಬೇರೆ ಬೇರೆ ರೂಪದಲ್ಲಿ ನಡೆಯುತ್ತಿದೆ. ಅದಕ್ಕಾಗಿಯೇ ಈ ಲೇಖನ.

ಮನೆಯೇ ಅಂಗಡಿಯಾದಾಗ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂತಹ ಊರುಗಳ ನಮ್ಮ ಓಣಿಗಳಲ್ಲಿ ಒಮ್ಮೆ ಸುತ್ತಾಡಿ ನೋಡಿ. ಒಂದು ಮನೆಯಲ್ಲಿ ಬ್ಲೌಸ್, ಚೂಡಿದಾರ್ ಹೊಲಿಯುತ್ತಾರೆ, ಸೀರೆಗೆ ಫಾಲ್ಸ್ ಹಾಕುತ್ತಾರೆ. ಇನ್ನೊಂದು ಮನೆಯ ಮುಂಬಾಗಿಲಲ್ಲೇ ಬಿಸ್ಕತ್ತು, ಸಾಬೂನು, ಮೊಟ್ಟೆ ಇಟ್ಟುಕೊಂಡ ಪುಟ್ಟ ಅಂಗಡಿ. ಒಬ್ಬಾಕೆ ಮದುವೆಗಳಿಗೆ ಮೆಹಂದಿ ಹಾಕಲು ಹೋಗುತ್ತಾಳೆ, ಮತ್ತೊಬ್ಬಾಕೆ ಆರ್ಡರ್ ಪಡೆದು ಬಿರಿಯಾನಿ, ಸಮೋಸ ಮಾಡಿಕೊಡುತ್ತಾಳೆ. ದಾವಣಗೆರೆಯಿಂದ ನೈಟಿ, ಸೀರೆ, ಬುರ್ಖಾ ತಂದು ಮನೆಯಲ್ಲೇ ಮಾರುವವರೂ ಇದ್ದಾರೆ. ಗಂಡನ ಕೂಲಿ ಅಥವಾ ಗ್ಯಾರೇಜಿನ ಸಂಬಳದ ಜೊತೆಗೆ ಮಕ್ಕಳ ಶಾಲೆಯ ಫೀಸು, ಮಹಿಳಾ ಸಂಘದ ಸಾಲದ ಕಂತು ಎಲ್ಲವೂ ಈ ಸಂಪಾದನೆಯಿಂದಲೇ ಸಾಗಬೇಕು.

ಪೇಟೆಯ ಅಂಗಡಿಗೆ ಬಾಗಿಲೆಳೆಯುವ ಹೊತ್ತೊಂದಿದೆ. ಮನೆಯ ಬಾಗಿಲಿಗೆ ಅಂತಹ ಹೊತ್ತಿಲ್ಲ. ಪೇಟೆಯ ಗಿರಾಕಿ ಅಪರಿಚಿತ. ಇಲ್ಲಿನ ಗಿರಾಕಿ ಖಾಲಾ, ಭಾಭಿ, ಪಕ್ಕದ ಮನೆಯ ಗೌರಮ್ಮಕ್ಕ ಅಥವಾ ಮಗನ ಶಾಲೆಯ ಟೀಚರ್. ನಾಳೆ ಅವರದೇ ಮನೆಯ ಮದುವೆಗೆ ನಾವು ಹೋಗಬೇಕು, ನಮ್ಮ ಮನೆಯ ಕಷ್ಟಕ್ಕೆ ಅವರು ಬರಬೇಕು. ಹೀಗಿರುವಾಗ ‘ಆಗುವುದಿಲ್ಲ’ ಎಂಬ ಸಣ್ಣ ಮಾತು ಬಾಯಿಗೆ ಬರುವುದು ಸುಲಭವಲ್ಲ.

ಹೇಳದಿದ್ದರೆ ಏನಾಗುತ್ತದೆಂಬುದೂ ನಮಗೆ ಗೊತ್ತು. ರಾತ್ರಿ ಎರಡರವರೆಗೆ ಯಂತ್ರ ತುಳಿದು ಬೆನ್ನುನೋವು, ಮಕ್ಕಳ ಮೇಲೆ ಸಿಡುಕು, ಕಜಾ ಆಗುವ ನಮಾಝ್. ಉದ್ರಿ ಕೊಟ್ಟ ಹಣ ಬಾರದೆ ಸರಕು ತರಲು ಬೇರೆಯವರಲ್ಲಿ ಸಾಲ. ಕೊನೆಗೊಂದು ದಿನ ಎಲ್ಲ ಸಿಟ್ಟೂ ಒಟ್ಟಿಗೆ ಹೊರಬಂದು, ಹತ್ತು ವರ್ಷದ ಸ್ನೇಹ ಹತ್ತು ನಿಮಿಷದಲ್ಲಿ ಮುರಿದುಬೀಳುತ್ತದೆ. ‘ಅಂತ್ಯ ನಿಷ್ಠುರಕ್ಕಿಂತ ಆದಿ ನಿಷ್ಠುರ ಮೇಲು’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

‘ಇನ್‌ಶಾ ಅಲ್ಲಾಹ್, ನೋಡೋಣ’

ನಮ್ಮ ಒಂದು ಅಭ್ಯಾಸದ ಬಗ್ಗೆ ಇಲ್ಲಿ ಬಿಚ್ಚುಮನಸ್ಸಿನಿಂದ ಮಾತಾಡಬೇಕು. ಕೆಲಸ ಆಗುವುದಿಲ್ಲ ಎಂದು ಮನಸ್ಸಿನಲ್ಲಿ ನಿಶ್ಚಯವಾಗಿರುವಾಗಲೂ ನಾವು “ಇನ್‌ಶಾ ಅಲ್ಲಾಹ್, ನೋಡೋಣ” ಎನ್ನುತ್ತೇವೆ. ಕೇಳಿದವಳು ಅದನ್ನು ‘ಹೌದು’ ಎಂದು ತಿಳಿದು ಮನೆಗೆ ಹೋಗುತ್ತಾಳೆ. ನಾವು ಅದನ್ನು ‘ಇಲ್ಲ’ ಎಂದು ತಿಳಿದು ಬಟ್ಟೆಯನ್ನು ರಾಶಿಯ ಕೆಳಗೆ ತಳ್ಳುತ್ತೇವೆ.

ನಾಳೆ ಇಂತಹ ಕೆಲಸ ಮಾಡುತ್ತೇನೆ ಎನ್ನುವಾಗ ಅಲ್ಲಾಹನ ಇಚ್ಛೆಯನ್ನು ನೆನೆಯಬೇಕೆಂದು ಪವಿತ್ರ ಕುರ್‌ಆನಿನ ಅಲ್ ಕಹ್ಫ್ ಅಧ್ಯಾಯದ 23 ಮತ್ತು 24ನೇ ಸೂಕ್ತಗಳು ಕಲಿಸುತ್ತವೆ. ಮಾಡಬೇಕೆಂಬ ಸಂಕಲ್ಪ ಇರುವವರ ಮಾತು ಅದು. ಮಾಡುವ ಮನಸ್ಸಿಲ್ಲದ ಕೆಲಸಕ್ಕೆ ಆ ಪವಿತ್ರ ವಾಕ್ಯವನ್ನು ಮುಸುಕಾಗಿ ಹೊದಿಸುವುದು ಸರಿಯೇ? ಮಾತು ಕೊಟ್ಟು ತಪ್ಪುವುದು ಕಪಟಿಯ ಲಕ್ಷಣಗಳಲ್ಲಿ ಒಂದೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಈ ಹದೀಸನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಆದರೆ ಹೊಲಿಗೆ ಯಂತ್ರದ ಮುಂದೆ ಕುಳಿತಾಗ ಮರೆಯುತ್ತೇವೆ.

ನಿರಾಕರಣೆಯ ಶಿಷ್ಟಾಚಾರ

“ಕೇಳಿದವರಿಗೆ ಪ್ರವಾದಿಯವರು(ಸ) ಇಲ್ಲ ಎಂದದ್ದೇ ಇಲ್ಲವಲ್ಲ?” ಎಂದು ನೀವು ಕೇಳಬಹುದು. ಹ. ಜಾಬಿರ್(ರ) ಹಾಗೆ ವರದಿ ಮಾಡಿರುವುದು ನಿಜ. ಇದ್ದದ್ದನ್ನು ಅವರು ಎಂದೂ ಬಚ್ಚಿಡಲಿಲ್ಲ. ಆದರೆ ಇಲ್ಲದಿದ್ದಾಗ ಏನು ಮಾಡಿದರು? ಅದನ್ನು ಕುರ್‌ಆನ್ ಹೇಳುತ್ತದೆ.

ಅತ್ತೌಬಃ ಅಧ್ಯಾಯದ 92ನೇ ಸೂಕ್ತವನ್ನು ತೆರೆದು ನೋಡಿ. ತಬೂಕ್ ಯಾತ್ರೆಯ ಸಂದರ್ಭ. ಕೆಲವು ಬಡ ಸಂಗಾತಿಗಳು ತಮಗೂ ವಾಹನ ಒದಗಿಸಬೇಕೆಂದು ಬಂದರು. ನಿಮ್ಮನ್ನು ಏರಿಸಿ ಕಳುಹಿಸಲು ನನ್ನ ಬಳಿ ವಾಹನವಿಲ್ಲ ಎಂದು ಪ್ರವಾದಿ(ಸ) ನೇರವಾಗಿ ತಿಳಿಸಿದರು. ಅವರು ಕಣ್ಣೀರು ಸುರಿಸುತ್ತಾ ಮರಳಿದರು. ಅವರ ಕಣ್ಣೀರನ್ನು ತಡೆಯಲೆಂದು ಸುಳ್ಳು ಭರವಸೆ ಕೊಡಲಿಲ್ಲ ಎಂಬುದನ್ನು ಗಮನಿಸಿ.

ಹ. ಅಬೂ ಮೂಸಾ ಅಶ್‌ಅರಿ(ರ) ತಮ್ಮದೇ ಅನುಭವವನ್ನು ವರದಿ ಮಾಡಿದ್ದಾರೆ. ಅವರೂ ಅವರ ಜನರೂ ಸವಾರಿಗೆ ಪ್ರಾಣಿಗಳನ್ನು ಕೇಳಿದಾಗ ಇಲ್ಲ ಎಂಬ ಉತ್ತರ ಬಂತು. ಸ್ವಲ್ಪ ಸಮಯದ ಬಳಿಕ ಒಂಟೆಗಳು ಬಂದಾಗ ಪ್ರವಾದಿ(ಸ) ಅವರನ್ನು ಕರೆಸಿ, ತಾವಾಗಿಯೇ ಕೊಟ್ಟರು. ಇದರಲ್ಲಿ ನಮಗೆ ಎರಡು ಪಾಠಗಳಿವೆ. ಇಲ್ಲದಿದ್ದಾಗ ಇಲ್ಲ ಎನ್ನಬೇಕು. ಆದಾಗ ನೆನಪಿಟ್ಟು ಕರೆಯಬೇಕು.

ಮೂರನೆಯ ಪಾಠ ಬನೀ ಇಸ್ರಾಈಲ್ ಅಧ್ಯಾಯದ 28ನೇ ಸೂಕ್ತದಲ್ಲಿದೆ. ಬಂಧುಗಳು, ಬಡವರು, ಪ್ರಯಾಣಿಕರು ಕೇಳಿದಾಗ ಕೊಡಲು ಏನೂ ಇಲ್ಲದೆ ಮುಖ ತಿರುಗಿಸಬೇಕಾಗಿ ಬಂದರೆ, ಅವರೊಡನೆ ಮೃದುವಾದ ಮಾತನ್ನಾಡಬೇಕೆಂಬುದು ಅದರ ಆಶಯ. ದಾನ ಕೇಳಿ ಬಂದವರಿಗೇ ಈ ಶಿಷ್ಟಾಚಾರ ಇರುವಾಗ, ನಮ್ಮ ಕೆಲಸವನ್ನು ನಂಬಿ ಹಣ ಕೊಡಲು ಬಂದ ಗಿರಾಕಿಗೆ ಇನ್ನೆಷ್ಟು ಮೃದುವಾಗಿ ಮಾತಾಡಬೇಕು! ಆದರೆ ಮೃದುವಾದ ಮಾತು ಎಂದರೆ ಅಸ್ಪಷ್ಟವಾದ ಮಾತಲ್ಲ. ದನಿ ಮೆತ್ತಗಿರಲಿ, ಉತ್ತರ ಗಟ್ಟಿಯಾಗಿರಲಿ.

ಹಬ್ಬದ ಅರ್ಜೆಂಟು

“ಆಪಾ, ಒಂದೇ ಒಂದು ಬ್ಲೌಸು, ನಾಳೆ ಸಂಜೆಗೆ ಬೇಕು.” ಈ ಮಾತು ಕೇಳದ ಹೊಲಿಗೆಯಾಕೆ ಇರಲಿಕ್ಕಿಲ್ಲ. ನಮ್ಮ ಹಬ್ಬಕ್ಕೆ ಮಾತ್ರವಲ್ಲ, ಯುಗಾದಿಗೂ ದೀಪಾವಳಿಗೂ ಮದುವೆಯ ಸೀಸನ್ನಿಗೂ ಇದೇ ಮಾತು. ಗಿರಾಕಿಗೆ ಅದು ಒಂದೇ ಬ್ಲೌಸು. ನಿಮಗೆ ಅದು ಇಪ್ಪತ್ತನೆಯ ‘ಒಂದೇ ಬ್ಲೌಸು’.

ಇಲ್ಲಿ ನಿಮ್ಮ ನೆರವಿಗೆ ಬರುವುದು ಗೋಡೆಯ ಕ್ಯಾಲೆಂಡರು. ನಿಮ್ಮ ಕೈಯಿಂದ ದಿನಕ್ಕೆ ಎಷ್ಟು ಬಟ್ಟೆ ಆಗುತ್ತದೆ ಎಂದು ಮೊದಲು ಲೆಕ್ಕ ಹಾಕಿ. ಉಳಿದ ದಿನಗಳಲ್ಲಿ ನಾಲ್ಕು ಆದರೆ, ಸಹರಿ ಮತ್ತು ಇಫ್ತಾರ್‌ನ ಕೆಲಸದ ಮಧ್ಯೆ ಮೂರೇ ಆದೀತು. ರಮಝಾನ್‌ನ 20 ದಿನಗಳಿಗೆ 60 ಬಟ್ಟೆ. ಹಾಗಾದರೆ 60ನೇ ಬಟ್ಟೆ ಬಂದ ದಿನವೇ ನಿಮ್ಮ ಹಬ್ಬದ ಕೆಲಸ ತುಂಬಿತು. 61ನೆಯದನ್ನು ತಂದವರು ಯಾರೇ ಆಗಿರಲಿ, ಉತ್ತರ ಒಂದೇ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಉತ್ತರ ಕೊಟ್ಟರೆ ಅದು ಓಣಿಯಲ್ಲಿ ಸುದ್ದಿಯಾಗುತ್ತದೆ, ಮತ್ತು ಆ ಸುದ್ದಿ ನ್ಯಾಯವಾದದ್ದೇ.

ಹೇಳುವುದು ಹೀಗೆ: “ಅಕ್ಕಾ, ನನ್ನನ್ನು ನಂಬಿ ತಂದಿದ್ದೀರಿ, ಸಂತೋಷ. ಆದರೆ ಹಬ್ಬದೊಳಗೆ ನನ್ನಿಂದ ಆಗಲ್ಲ. ಈಗ ತಗೊಂಡರೆ ಆಮೇಲೆ ನಿಮಗೇ ತೊಂದರೆ. ಹಬ್ಬ ಆದ ಮೇಲೆ ಕೊಡಿ, ಮೊದಲು ನಿಮ್ಮದನ್ನೇ ಹೊಲಿಯುತ್ತೇನೆ.” ಗೊತ್ತಿದ್ದರೆ ಒಳ್ಳೆಯ ಕೆಲಸ ಮಾಡುವ ಮತ್ತೊಬ್ಬಾಕೆಯ ಮನೆ ತೋರಿಸಿ. ಗಿರಾಕಿ ಶಾಶ್ವತವಾಗಿ ಅಲ್ಲಿಗೇ ಹೋಗಿಬಿಟ್ಟರೆ ಎಂಬ ಭಯ ಬೇಡ. ರಿಝ್ಕ್ ಕೊಡುವವನು ಅಲ್ಲಾಹನು. ಮೇಲಾಗಿ, ಕಷ್ಟಕಾಲದಲ್ಲಿ ದಾರಿ ತೋರಿಸಿದವಳನ್ನು ಜನ ಮರೆಯುವುದಿಲ್ಲ.

ಕಾರಣ ಹೇಳುವಾಗ ಸುಳ್ಳು ಬೇಡ. ‘ಯಂತ್ರ ಕೆಟ್ಟಿದೆ’, ‘ಊರಿಗೆ ಹೋಗುತ್ತಿದ್ದೇನೆ’ ಎಂದರೆ ಸಂಜೆ ಯಂತ್ರದ ಸದ್ದೇ ಆಕೆಗೆ ಕೇಳಿಸುತ್ತದೆ. ಉದ್ದನೆಯ ಕಾರಣಗಳ ಪಟ್ಟಿಯೂ ಬೇಡ. ಕಾರಣಗಳು ಹೆಚ್ಚಾದಷ್ಟೂ ಚೌಕಾಸಿಗೆ ದಾರಿಯಾಗುತ್ತದೆ.

ಉದ್ರಿ ಎಂಬ ಕಗ್ಗಂಟು

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ಬಂದವು. ನ್ಯಾಮತಿ 2018ರಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಜಿಲ್ಲೆ ಒಂದೇ ಆದರೂ ಬೆಳೆ ಒಂದೇ ಅಲ್ಲ, ಹಾಗಾಗಿ ಉದ್ರಿಯ ವಾಯಿದೆಯೂ ಒಂದೇ ಅಲ್ಲ. ಚನ್ನಗಿರಿಯ ಕಡೆ “ಅಡಿಕೆ ಮಾರಿದ ಮೇಲೆ ಕೊಡ್ತೀನಿ” ಎನ್ನುತ್ತಾರೆ. ಹೊಳೆ ದಂಡೆಯ ಹೊನ್ನಾಳಿಯಲ್ಲಿ ಭತ್ತದ ಒಕ್ಕಣೆ, ನ್ಯಾಮತಿಯಲ್ಲಿ ಮೆಕ್ಕೆಜೋಳ. ಮಳೆಯನ್ನೇ ನಂಬಿದ ಜಗಳೂರಿನಲ್ಲಿ ಮಳೆ ಕೈಕೊಟ್ಟರೆ ಮೆಕ್ಕೆಜೋಳವೂ ಇಲ್ಲ, ಶೇಂಗಾವೂ ಇಲ್ಲ, ಕೊಡುವ ದಿನವೂ ಇಲ್ಲ.

ಆದ್ದರಿಂದ ಉದ್ರಿ ಕೇಳುವವರೆಲ್ಲ ಮೋಸಗಾರರಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ನಮ್ಮ ಕಡೆಯ ಬದುಕೇ ಹಾಗಿದೆ. ಆದರೆ ಸಣ್ಣ ಅಂಗಡಿಯ ಲೆಕ್ಕವೂ ಅಷ್ಟೇ ನಿಜ. ನಿಮ್ಮ ಬಂಡವಾಳ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಅದರಲ್ಲಿ 4,000 ಉದ್ರಿಯಾಗಿ ಹೊರಗೆ ಉಳಿದರೆ, ಅಂಗಡಿ ನಡೆಯುವುದು ಉಳಿದ 6,000ದಲ್ಲಿ ಮಾತ್ರ. ಸರಕು ಕಡಿಮೆಯಾಗುತ್ತದೆ, ನಗದು ಕೊಡುವ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾನೆ, ಉದ್ರಿ ಗಿರಾಕಿ ಮಾತ್ರ ನಿಮ್ಮಲ್ಲಿ ಉಳಿಯುತ್ತಾನೆ. ಕೊನೆಗೆ ಬಾಕಿ ಕೇಳಿದರೆ ಅವನಿಗೇ ಸಿಟ್ಟು. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆ ಹುಟ್ಟಿದ್ದು ಇಂತಹ ಅಂಗಡಿಯ ಮುಂದೆಯೇ ಇರಬೇಕು.

ಇದಕ್ಕೆ ಪರಿಹಾರ ಅಲ್ ಬಕರಃ ಅಧ್ಯಾಯದ ಹತ್ತಿರ ಹತ್ತಿರದ ಎರಡು ಸೂಕ್ತಗಳಲ್ಲಿದೆ. ಸಾಲಗಾರ ಇಕ್ಕಟ್ಟಿನಲ್ಲಿದ್ದರೆ ಅನುಕೂಲವಾಗುವ ತನಕ ಸಮಯ ಕೊಡಿ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂದು 280ನೇ ಸೂಕ್ತ ಕಲಿಸುತ್ತದೆ. ಸಾಲದ ವ್ಯವಹಾರ ಸಣ್ಣದಿರಲಿ, ದೊಡ್ಡದಿರಲಿ, ಅವಧಿ ಸಹಿತ ಬರೆದಿಡಲು ಬೇಸರಿಸಬೇಡಿ ಎನ್ನುತ್ತದೆ 282ನೇ ಸೂಕ್ತ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಇರುವುದು ಲೆಕ್ಕ ಬರೆಯುವುದರ ಬಗ್ಗೆ ಎಂದರೆ ಅದರ ಮಹತ್ವ ಎಷ್ಟಿರಬೇಕು! ಆದರೆ ನಾವು ದಯೆಯ ಸೂಕ್ತವನ್ನು ನೆನಪಿಟ್ಟು ಲೆಕ್ಕದ ಸೂಕ್ತವನ್ನು ಮರೆಯುತ್ತೇವೆ, ಇಲ್ಲವೇ ಲೆಕ್ಕವನ್ನು ಹಿಡಿದು ದಯೆಯನ್ನು ಮರೆಯುತ್ತೇವೆ.

ಹಾಗಾದರೆ ಮಾಡಬೇಕಾದ್ದೇನು? ಉದ್ರಿಗೆ ಒಂದು ಮಿತಿ ಹಾಕಿಕೊಳ್ಳಿ. ಒಂದು ಮನೆಗೆ, ಉದಾಹರಣೆಗೆ, 300 ರೂಪಾಯಿ. ಹಳೆಯ ಬಾಕಿ ತೀರದೆ ಹೊಸ ಉದ್ರಿ ಇಲ್ಲ. ಕೊಟ್ಟ ಕೂಡಲೇ ಗಿರಾಕಿಯ ಕಣ್ಣೆದುರೇ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯಿರಿ. ‘ಫೋನ್‌ಪೇ ಮಾಡ್ತೀನಿ’ ಎಂದು ಹೋದವರ ಹೆಸರನ್ನೂ ಬರೆಯಿರಿ, ಹಣ ಬರುವ ತನಕ ಅದೂ ಉದ್ರಿಯೇ. ಮಿತಿ ದಾಟಿದವರಿಗೆ ಹೇಳಿ: “ಭಾಭಿ, ಹಳೆಯದು 300 ಇದೆ. ಅದರಲ್ಲಿ ನೂರಾದರೂ ಕೊಟ್ಟು ಬೇಕಾದ್ದು ತಗೊಳ್ಳಿ. ನನಗೂ ನಾಳೆ ಸರಕು ತರಬೇಕು.” ‘ಸಾಲ ಕೇಳಬೇಡಿ’ ಎಂಬ ಬೋರ್ಡಿಗಿಂತ ಈ ಮಾತು ಮೇಲು. ಬೋರ್ಡು ಎಲ್ಲರನ್ನೂ ಒಂದೇ ಬಗೆಯಲ್ಲಿ ಅವಮಾನಿಸುತ್ತದೆ. ಮಾತು ಆ ಒಬ್ಬರಿಗೆ ಮಾತ್ರ, ಅದೂ ಬೇರೆ ಗಿರಾಕಿಗಳು ಇಲ್ಲದಾಗ.

ಮನೆಯಲ್ಲಿ ಒಲೆ ಹೊತ್ತಿಸಲು ಏನೂ ಇಲ್ಲ ಎಂದು ಬಂದವರ ವಿಷಯ ಬೇರೆ. ಬರಗಾಲದಲ್ಲಿ ಜಗಳೂರಿನ ಹಳ್ಳಿಯ ತಾಯಿಯೊಬ್ಬಳು ಎರಡು ಸೇರು ಅಕ್ಕಿ ಕೇಳಿದರೆ ಅದು ವ್ಯಾಪಾರದ ಪ್ರಶ್ನೆಯಲ್ಲ. ನಿಮ್ಮಿಂದ ಸಾಧ್ಯವಿದ್ದರೆ ಅದನ್ನು ಸದಕಾ ಎಂದೇ ಕೊಟ್ಟುಬಿಡಿ, ಪುಸ್ತಕದಲ್ಲಿ ಬರೆಯಬೇಡಿ. ಬರೆದು, ಆಮೇಲೆ ನಾಲ್ಕು ಜನರ ಮುಂದೆ ಕೇಳಿದರೆ ಕೊಟ್ಟ ಪುಣ್ಯವೂ ಹೋಗುತ್ತದೆ. ನೋವುಂಟುಮಾಡುವ ದಾನಕ್ಕಿಂತ ಒಳ್ಳೆಯ ಮಾತೇ ಉತ್ತಮವೆಂದು ಅದೇ ಅಧ್ಯಾಯದ 263ನೇ ಸೂಕ್ತ ನೆನಪಿಸುತ್ತದೆ.

ಕಾನೂನಿನ ಒಂದು ಮಾತೂ ತಿಳಿದಿರಲಿ. ಮಾರಿದ ಸರಕಿನ ಅಥವಾ ಮಾಡಿದ ಕೆಲಸದ ಬಾಕಿಗಾಗಿ ನ್ಯಾಯಾಲಯಕ್ಕೆ ಹೋಗಲು 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ 3 ವರ್ಷಗಳ ಅವಧಿ ಇದೆ. ಅಷ್ಟರೊಳಗೆ ಬಾಕಿ ಇರುವುದನ್ನು ಗಿರಾಕಿ ಬರವಣಿಗೆಯಲ್ಲಿ ಒಪ್ಪಿ ಸಹಿ ಮಾಡಿದರೆ ಆ ದಿನದಿಂದ ಅವಧಿ ಹೊಸದಾಗಿ ಆರಂಭವಾಗುತ್ತದೆ. ಮುನ್ನೂರು ರೂಪಾಯಿಗೆ ಯಾರೂ ನ್ಯಾಯಾಲಯಕ್ಕೆ ಹೋಗುವುದಿಲ್ಲ, ನಿಜ. ಆದರೆ ಮದುವೆಯ ಅಡುಗೆಯ ಆರ್ಡರು, ಇಪ್ಪತ್ತು ಸೀರೆಯ ಬಾಕಿ ಇದ್ದಲ್ಲಿ ಸಹಿ ಇರುವ ಒಂದು ಚೀಟಿ ಜಗಳವನ್ನೇ ತಪ್ಪಿಸುತ್ತದೆ.

‘ನಮ್ಮವರ ಹತ್ತಿರವೂ ದುಡ್ಡು ತಗೊಳ್ತೀಯಾ?’

ಉದ್ರಿಗಿಂತ ಕಠಿಣವಾದದ್ದು ನೆಂಟರ ಲೆಕ್ಕ. ನಾದಿನಿಯ ಮಗಳ ಮದುವೆಗೆ ಹದಿನೈದು ಬ್ಲೌಸು, ಅತ್ತೆಯ ಕಡೆಯವರಿಗೆ ಇಡೀ ರಾತ್ರಿ ಮೆಹಂದಿ. ಹಣದ ಮಾತೆತ್ತಿದರೆ ಈ ಪ್ರಶ್ನೆ. ಬಂಧುತ್ವವನ್ನು ಕಾಪಾಡುವುದು ನಮ್ಮ ಕರ್ತವ್ಯ, ಸಂದೇಹವಿಲ್ಲ. ಆದರೆ ದುಡಿದವಳ ಕೂಲಿಯನ್ನು ಬೆವರು ಆರುವ ಮೊದಲೇ ಕೊಡಬೇಕೆಂಬ ಪ್ರವಾದಿ(ಸ) ವಚನ ನೆಂಟರಿಗೂ ಅನ್ವಯಿಸುತ್ತದಲ್ಲವೇ?

ಇಲ್ಲಿ ಒಂದು ಮಧ್ಯದ ದಾರಿ ಇದೆ. ಎಷ್ಟು ಉಡುಗೊರೆ, ಎಷ್ಟು ಕೆಲಸ ಎಂಬುದನ್ನು ಮೊದಲೇ ಬೇರ್ಪಡಿಸಿ. “ಮದುಮಗಳ ಬ್ಲೌಸು ನನ್ನ ಕಡೆಯಿಂದ ಉಡುಗೊರೆ. ಉಳಿದವಕ್ಕೆ ಇಷ್ಟು ಆಗುತ್ತದೆ, ಅರ್ಧ ಮುಂಗಡ ಕೊಡಿ, ಲೈನಿಂಗ್ ಬಟ್ಟೆ ತರಬೇಕು” ಎಂದು ನಗುತ್ತಲೇ ಹೇಳಿ. ಒಪ್ಪದಿದ್ದರೆ ಕೆಲಸ ಹಿಡಿಯಬೇಡಿ. ಪೂರ್ತಿ ಉಚಿತವಾಗಿ ಮಾಡಿ, ಆಮೇಲೆ ಬಂದವರೆದುರು ಹೇಳಿಕೊಂಡು ತಿರುಗುವುದಕ್ಕಿಂತ ಇದು ಎಷ್ಟೋ ಒಳ್ಳೆಯದು.

ನಮ್ಮ ತಪ್ಪಿದ್ದರೆ?

ತೊಂದರೆ ಕೊಡುವ ಗಿರಾಕಿಗಳ ಬಗ್ಗೆ ಹೇಳುತ್ತಾ ನಾವೆಲ್ಲ ದೇವತೆಗಳೆಂದು ತಿಳಿಯಬಾರದು. ಮೂರು ಬಾರಿ ಬ್ಲೌಸು ವಾಪಸು ತಂದವಳು ಕಿರಿಕಿರಿಯವಳೇ ಆಗಬೇಕಾಗಿಲ್ಲ. ನಮ್ಮ ಅಳತೆಯೇ ತಪ್ಪಿರಬಹುದು.

ಕೆಲಸ ಹಿಡಿಯುವ ಮೊದಲು ‘ಆಗುವುದಿಲ್ಲ’ ಎನ್ನಲು ನಿಮಗೆ ಸ್ವಾತಂತ್ರ್ಯವಿದೆ. ಮುಂಗಡ ಪಡೆದು ಬಟ್ಟೆಗೆ ಕತ್ತರಿ ಹಾಕಿದ ಮೇಲೆ ಅದೇ ಸ್ವಾತಂತ್ರ್ಯ ಇರುವುದಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹಣ ಪಡೆದು ಮಾಡುವ ಸೇವೆಯೂ ಸೇರಿದೆ. ಒಪ್ಪಿಕೊಂಡಂತೆ ಕೆಲಸ ಮಾಡದಿದ್ದರೆ ಅದು ಸೇವಾ ನ್ಯೂನತೆ. ‘ಮಾರಿದ ಮಾಲನ್ನು ಹಿಂಪಡೆಯುವುದಿಲ್ಲ’ ಎಂಬ ಫಲಕ ಹಾಕಿದ ಮಾತ್ರಕ್ಕೆ ದೋಷವಿರುವ ಸರಕಿನ ಹೊಣೆ ತಪ್ಪುವುದಿಲ್ಲ. ರಶೀದಿಯಲ್ಲಿ ಅವಧಿ ಹೇಳದಿದ್ದರೆ 30 ದಿನಗಳೊಳಗೆ ಅದನ್ನು ಹಿಂಪಡೆದು ಹಣ ಮರಳಿಸಬೇಕಾಗುತ್ತದೆ.

ಸರಕಿನಲ್ಲಿ ದೋಷವಿಲ್ಲದೆ, ಬಣ್ಣ ಹಿಡಿಸಲಿಲ್ಲ ಎಂದು ನೈಟಿ ಮರಳಿ ತಂದರೆ ಕಾನೂನು ನಿಮ್ಮನ್ನು ಬಲವಂತ ಮಾಡಲಾರದು. ಆದರೆ ಖರೀದಿಸಿ ಪಶ್ಚಾತ್ತಾಪ ಪಟ್ಟವನಿಂದ ವಸ್ತುವನ್ನು ಮರಳಿ ಪಡೆಯುವವರ ತಪ್ಪುಗಳನ್ನು ಅಲ್ಲಾಹನು ಕ್ಷಮಿಸುವನೆಂದು ಅಬೂ ದಾವೂದ್ ಗ್ರಂಥದ ಹದೀಸಿನಲ್ಲಿದೆ. ಒಮ್ಮೆ ಬದಲಿಸಿ ಕೊಡಿ. ಪದೇ ಪದೇ ಧರಿಸಿ ಮರಳಿಸುವವರಾದರೆ, “ನನ್ನ ಹತ್ತಿರದ ಮಾಲು ನಿಮಗೆ ಒಗ್ಗುತ್ತಿಲ್ಲ ಅಕ್ಕ, ಮುಂದಿನ ಸಲ ದಾವಣಗೆರೆಗೆ ಹೋದಾಗ ನೀವೇ ಆರಿಸಿಕೊಳ್ಳಿ” ಎಂದು ವಿನಯದಿಂದ ಮುಗಿಸಿಬಿಡಿ.

ರಾತ್ರಿಯ ಫೋನು

ಈಗ ಆರ್ಡರುಗಳು ವಾಟ್ಸಾಪಿನಲ್ಲಿ ಬರುತ್ತವೆ. ಅನುಕೂಲ ಹೆಚ್ಚಿದೆ, ಜೊತೆಗೆ ತೊಂದರೆಯೂ. ರಾತ್ರಿ ಹನ್ನೊಂದಕ್ಕೆ ‘ಆಯ್ತಾ?’ ಎಂಬ ಸಂದೇಶ. ವ್ಯಾಪಾರಕ್ಕೆಂದೇ ಇರುವ ವಾಟ್ಸಾಪ್ ಬಿಸಿನೆಸ್‌ನಲ್ಲಿ ಹೊತ್ತಲ್ಲದ ಹೊತ್ತಿಗೆ ತಾನಾಗಿಯೇ ಉತ್ತರ ಹೋಗುವ ವ್ಯವಸ್ಥೆ ಇದೆ. ‘ಬೆಳಿಗ್ಗೆ 10ರಿಂದ ಸಂಜೆ 6ರ ತನಕ ಉತ್ತರಿಸುತ್ತೇನೆ’ ಎಂದು ಅದರಲ್ಲಿ ಬರೆದಿಡಿ. ನಿರಾಕರಿಸಬೇಕಾದಾಗ ಒಣ ಅಕ್ಷರಗಳಿಗಿಂತ ನಿಮ್ಮ ದನಿಯಲ್ಲಿ ಎರಡು ಮಾತು ಹೇಳಿ ಕಳುಹಿಸಿದರೆ ಹಿತವಾಗಿರುತ್ತದೆ. ಬಾಕಿ ಕೊಡದವರ ಹೆಸರನ್ನು ಸ್ಟೇಟಸ್‌ನಲ್ಲಿ ಹಾಕುವುದನ್ನು ಮಾತ್ರ ಎಂದಿಗೂ ಮಾಡಬೇಡಿ.

ಇನ್ನೊಂದು ಬಗೆಯ ಗಿರಾಕಿ ಇದ್ದಾನೆ. ಆರ್ಡರಿನ ನೆಪದಲ್ಲಿ ಅನಗತ್ಯ ಮಾತು, ಸಮಯವಲ್ಲದ ಸಮಯದಲ್ಲಿ ಕರೆ. ಇಲ್ಲಿ ಮೃದುತ್ವದ ಅಗತ್ಯವಿಲ್ಲ. ಮನಸ್ಸಿನಲ್ಲಿ ರೋಗವಿರುವವರಿಗೆ ಆಸೆ ಹುಟ್ಟದಂತೆ ಗಂಭೀರವಾಗಿ ಮಾತಾಡಬೇಕೆಂದು ಅಲ್ ಅಹ್‌ಝಾಬ್ ಅಧ್ಯಾಯದ 32ನೇ ಸೂಕ್ತ ಕಲಿಸುತ್ತದೆ. “ಆರ್ಡರ್ ತೆಗೆದುಕೊಳ್ಳುವುದಿಲ್ಲ, ಇನ್ನು ಕರೆ ಮಾಡಬೇಡಿ.” ಅಷ್ಟೇ. ಮನೆಯವರಿಗೆ ತಿಳಿಸಿ, ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ, ನಂಬರನ್ನು ಬ್ಲಾಕ್ ಮಾಡಿ. ಅಗತ್ಯ ಬಿದ್ದರೆ 112ಕ್ಕೆ ಕರೆ ಮಾಡಲು ಹಿಂಜರಿಯಬೇಡಿ. ಅಂತಹ ಗಿರಾಕಿಯ ಹಣ ನಮಗೆ ಬೇಡ.

ಇಂತಹ ‘ಇಲ್ಲ’ ಬೇಡ

ಯಾರಿಗೆ ‘ಆಗುವುದಿಲ್ಲ’ ಎನ್ನಬಹುದು ಎಂದು ಹೇಳಿದ ಮೇಲೆ ಯಾವ ಕಾರಣಕ್ಕೆ ಎನ್ನಬಾರದು ಎಂಬುದನ್ನೂ ಹೇಳಬೇಕು. ಧರ್ಮ, ಜಾತಿ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾವ ಪ್ರಜೆಗೂ ಅಂಗಡಿಯ ಪ್ರವೇಶವನ್ನು ತಡೆಯಬಾರದೆಂದು ನಮ್ಮ ಸಂವಿಧಾನದ 15ನೇ ವಿಧಿ ಹೇಳುತ್ತದೆ. ಅಸ್ಪೃಶ್ಯತೆಯ ಕಾರಣಕ್ಕೆ ಸರಕು ಮಾರದಿರುವುದು, ಸೇವೆ ನೀಡದಿರುವುದು 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯಂತೆ ಶಿಕ್ಷಾರ್ಹ ಅಪರಾಧ.

2022ರ ಮಾರ್ಚ್‌ನಲ್ಲಿ ನಮ್ಮ ನೆರೆಯ ಶಿವಮೊಗ್ಗದ ಕೋಟೆ ಮಾರಿಕಾಂಬ ಜಾತ್ರೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಮಳಿಗೆ ಇಲ್ಲವೆಂದಾಗ ಎಷ್ಟೋ ಬಡ ಮನೆಗಳು ನೊಂದವು. ಹೆಸರು ನೋಡಿ ‘ಇಲ್ಲ’ ಎನ್ನಿಸಿಕೊಳ್ಳುವುದು ಎಷ್ಟು ನೋವಿನ ವಿಷಯವೆಂದು ಬಲ್ಲ ನಾವು, ನಮ್ಮ ಬಾಗಿಲಿಗೆ ಬಂದ ಯಾರಿಗೂ ಆ ನೋವು ಕೊಡಬಾರದು. ತಾಂಡಾದ ತಾಯಿ ಬರಲಿ, ಕೇರಿಯ ಅಕ್ಕ ಬರಲಿ, ಗೌಡರ ಮನೆಯ ಸೊಸೆ ಬರಲಿ, ಕುಳಿತುಕೊಳ್ಳಲು ಕೊಡುವ ಕುರ್ಚಿ ಒಂದೇ, ಅಳತೆ ಒಂದೇ, ದರ ಒಂದೇ. ‘ಇಲ್ಲ’ ಎನ್ನಬೇಕಾದರೆ ಅದು ಕೆಲಸಕ್ಕೆ ಇರಲಿ, ಮನುಷ್ಯರಿಗೆ ಅಲ್ಲ.

ಬಾಗಿಲು ಮುಚ್ಚದ ಉತ್ತರ

ಮಕ್ಕದ ವ್ಯಾಪಾರಿಗಳ ನಡುವೆ ತನ್ನ ಬಂಡವಾಳವನ್ನು ತಾನೇ ನಡೆಸಿದ ಮಹಿಳೆ ಹ. ಖದೀಜಾ(ರ). ತಮ್ಮ ಸರಕನ್ನು ಯಾರ ಕೈಗೆ ಕೊಡಬೇಕು ಎಂಬುದನ್ನು ಅವರು ಪ್ರಾಮಾಣಿಕತೆಯನ್ನು ನೋಡಿ ನಿರ್ಧರಿಸಿದರು. ವ್ಯಾಪಾರ ಮಾಡುವ ಹೆಣ್ಣಿಗೆ ಆಯ್ಕೆಯ ಹಕ್ಕಿದೆ ಎಂಬುದಕ್ಕೆ ಇದಕ್ಕಿಂತ ಹಿರಿಯ ಉದಾಹರಣೆ ಬೇಕೇ? ಮಾರುವಾಗ, ಕೊಳ್ಳುವಾಗ, ಬಾಕಿ ಕೇಳುವಾಗ ಸೌಮ್ಯವಾಗಿರುವವರ ಮೇಲೆ ಅಲ್ಲಾಹನ ಕೃಪೆ ಇರಲೆಂದು ಪ್ರವಾದಿ(ಸ) ಪ್ರಾರ್ಥಿಸಿರುವುದೂ ಬುಖಾರಿಯಲ್ಲಿದೆ. ಹಕ್ಕನ್ನು ಸೌಮ್ಯತೆಯೊಂದಿಗೆ ಬಳಸುವುದನ್ನೇ ನಾವು ಕಲಿಯಬೇಕಾಗಿದೆ.

ಆ ಈದ್‌ನ ನಂತರ ನನ್ನ ಅಮ್ಮಿ ರಮಝಾನ್ ಬಂತೆಂದರೆ ಕ್ಯಾಲೆಂಡರಿನಲ್ಲಿ ಒಂದು ದಿನಕ್ಕೆ ಕೆಂಪು ಗುರುತು ಹಾಕುತ್ತಿದ್ದರು. ಆ ದಿನದ ನಂತರ ಯಾರು ಬಂದರೂ, “ಈ ಸಲ ಆಗಲ್ಲ ಮಗಳೇ, ಇವತ್ತೇ ಬೇರೆ ಕಡೆ ಕೊಡು, ಮಗು ಕಾಯಬಾರದು” ಎನ್ನುತ್ತಿದ್ದರು. ಕೆಲವರು ಮುಖ ಸಣ್ಣ ಮಾಡಿಕೊಂಡು ಹೋದರು. ಅವರಲ್ಲಿ ಹೆಚ್ಚಿನವರು ಹಬ್ಬ ಕಳೆದ ಮೇಲೆ ಮರಳಿ ಬಂದರು. ನಮ್ಮ ಕಟ್ಟೆಯ ಮೇಲೆ ಈದ್‌ನ ಬೆಳಿಗ್ಗೆ ಮತ್ತೆ ಯಾವ ಮಗುವೂ ಕಾದು ಕುಳಿತುಕೊಳ್ಳಲಿಲ್ಲ.

ನಿಮ್ಮ ಮನೆಯ ಗೋಡೆಯ ಮೇಲೂ ಒಂದು ಕ್ಯಾಲೆಂಡರ್ ಇದೆಯಲ್ಲವೇ? ಮುಂದಿನ ಹಬ್ಬಕ್ಕೆ ಆ ಕೆಂಪು ಗುರುತನ್ನು ಇಂದೇ ಹಾಕಿಬಿಡಿ.